ಉಬ್ಬಸ ಇರುವವರು ದಿನಕ್ಕೆ ಎಷ್ಟು ನಡೆಯುತ್ತಾರೆ? 10 ಸೆಕೆಂಡ್ ಉಸಿರು ಹಿಡಿದು ನೋಡಿದರೆ ಗೊತ್ತಾಗುತ್ತದೆಯೇ?

ಚುಟುಕಾಗಿ

• ಉಸಿರು ಎಷ್ಟು ಹೊತ್ತು ಹಿಡಿಯುತ್ತೀರಿ ಎನ್ನುವುದರಿಂದ ಶ್ವಾಸಕೋಶದ ಕಾಯಿಲೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ.
• ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಇರುವವರು ದಿನಕ್ಕೆ ಎಷ್ಟು ಓಡಾಡುತ್ತಾರೆ ಎಂಬುದನ್ನು ಆಸ್ಪತ್ರೆಯ ಊದುವ ಪರೀಕ್ಷೆಯೊಂದೇ ಹೇಳಲಾರದು. 6 ನಿಮಿಷದ ನಡಿಗೆ, ಕಾಲಿನ ಬಲ, ಭಯ, ಹವೆ, ಮನೆಯವರ ನಡವಳಿಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.
• ‘ಉಬ್ಬಸ ಇದೆ, ಸುಮ್ಮನೆ ಕೂತಿರಿ’ ಎಂಬ ಸಲಹೆ ಕಾಳಜಿಯಿಂದ ಬಂದರೂ ಕಾಯಿಲೆಯನ್ನು ಹೆಚ್ಚಿಸಬಹುದು.

ಫಾರ್ವರ್ಡ್ ಏನು ಹೇಳುತ್ತದೆ?

ಒಂದು ಗೆರೆಯ ಮೇಲೆ ಚುಕ್ಕಿಯೊಂದು ಸರಿಯುತ್ತದೆ. ಆ ಚುಕ್ಕಿ ಈ ತುದಿಯಿಂದ ಆ ತುದಿ ಮುಟ್ಟುವವರೆಗೆ ಉಸಿರು ಹಿಡಿದರೆ ನಿಮ್ಮ ಶ್ವಾಸಕೋಶ ಗಟ್ಟಿ ಎಂದು ವಿಡಿಯೊ ಹೇಳುತ್ತದೆ. 2020ರಲ್ಲಿ ಕೊರೊನಾ ಹೆಸರಿನಲ್ಲಿ ಇದು ಬಹುತೇಕ ಎಲ್ಲರ ಫೋನಿಗೂ ಬಂದಿತ್ತು. ‘10 ಸೆಕೆಂಡ್ ಕೆಮ್ಮದೆ ಉಸಿರು ಹಿಡಿದರೆ ಕೊರೊನಾ ಇಲ್ಲ’ ಎಂಬ ಮಾತು ಸುಳ್ಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಆಗಲೇ ಸ್ಪಷ್ಟಪಡಿಸಿತ್ತು. ಈಗ ಕೊರೊನಾ ಎಂಬ ಹೆಸರು ಬಿಟ್ಟು ಅದೇ ಸಂದೇಶ ಬೇರೆ ವೇಷದಲ್ಲಿ ಸುತ್ತುತ್ತದೆ. ಮನೆಯಲ್ಲಿ ಕೆಮ್ಮು, ದಮ್ಮು ಇರುವ ಹಿರಿಯರನ್ನು ಕೂರಿಸಿ ‘ಹಿಡಿ ತಾತ, ಇನ್ನೂ ಸ್ವಲ್ಪ’ ಎಂದು ಪರೀಕ್ಷೆ ಮಾಡುವವರಿದ್ದಾರೆ. ತಾತ ಆರಕ್ಕೋ ಏಳಕ್ಕೋ ಉಸಿರು ಬಿಟ್ಟರೆ ಮನೆಯವರ ತೀರ್ಮಾನವೂ ಆಗಿಹೋಗುತ್ತದೆ. ಇನ್ನು ಎಲ್ಲೂ ಹೋಗಬೇಡಿ, ಆಗುವುದಿಲ್ಲ.

ಇಲ್ಲಿ ಎರಡು ತಪ್ಪುಗಳು ಒಟ್ಟಿಗೆ ಆಗುತ್ತವೆ. ಉಸಿರು ಹಿಡಿಯುವುದು ಅಭ್ಯಾಸ, ಧೈರ್ಯ, ರಕ್ತದಲ್ಲಿ ಏರುವ ಇಂಗಾಲದ ಡೈ ಆಕ್ಸೈಡ್ ಅನ್ನು ದೇಹ ಎಷ್ಟು ಸಹಿಸುತ್ತದೆ ಎಂಬುದನ್ನೆಲ್ಲ ಅವಲಂಬಿಸಿದೆ. ಈ ಕಾಯಿಲೆಯ ನಿಜವಾದ ತೊಂದರೆ ಇರುವುದು ಉಸಿರನ್ನು ಹೊರಗೆ ಬಿಡುವುದರಲ್ಲಿ. ಅದನ್ನು ಈ ವಿಡಿಯೊ ಅಳೆಯುವುದೇ ಇಲ್ಲ. ಎರಡನೆಯ ತಪ್ಪು ಇನ್ನೂ ದೊಡ್ಡದು. ಕುರ್ಚಿಯ ಮೇಲೆ ಕೂತು ಮಾಡಿದ ಪರೀಕ್ಷೆಯಿಂದ, ಆ ಮನುಷ್ಯ ನಾಳೆ ಎಷ್ಟು ನಡೆಯುತ್ತಾನೆ, ನಡೆಯಬೇಕೋ ಬೇಡವೋ ಎಂದು ನಿರ್ಧರಿಸಿಬಿಡುವುದು. ಈ ಎರಡನೆಯ ತಪ್ಪಿನ ಬಗ್ಗೆಯೇ ಈ ಲೇಖನ.

ಯಾವ ಕಾಯಿಲೆಯ ಮಾತು ಇದು?

ವೈದ್ಯರು ಇದನ್ನು ಸಿಒಪಿಡಿ ಎನ್ನುತ್ತಾರೆ. ನಮ್ಮ ಕಡೆ ಉಬ್ಬಸ, ಗೂರಲು, ದಮ್ಮು ಎಂದು ಕರೆಯುವ ತೊಂದರೆಗಳಲ್ಲಿ ಅಸ್ತಮಾ ಕೂಡ ಸೇರಿರುತ್ತದೆ. ಆದರೆ ಸಿಒಪಿಡಿ ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ ಕಾಣಿಸಿಕೊಂಡು, ನಿಧಾನವಾಗಿ ಏರುತ್ತಾ ಹೋಗುತ್ತದೆ. ವರ್ಷಾನುಗಟ್ಟಲೆ ಹೊಗೆ ಕುಡಿದ ಶ್ವಾಸನಾಳಗಳು ಊದಿಕೊಂಡು ಕಿರಿದಾಗುತ್ತವೆ. ಗಾಳಿಚೀಲಗಳು ಸಡಿಲವಾಗುತ್ತವೆ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ.

ಕೆ.ಆರ್. ಪೇಟೆ ಬಸ್ ಸ್ಟ್ಯಾಂಡನ್ನು ನೆನಪಿಸಿಕೊಳ್ಳಿ. ಬಸ್ಸಿನಲ್ಲಿರುವವರು ಇಳಿಯುವ ಮೊದಲೇ ಕೆಳಗಿದ್ದವರು ಹತ್ತಲು ನುಗ್ಗಿದರೆ ಏನಾಗುತ್ತದೆ? ಒಳಗೆ ಜಾಗವಿಲ್ಲ, ಬಾಗಿಲಲ್ಲಿ ತಳ್ಳಾಟ. ಸಿಒಪಿಡಿ ಇರುವವರು ಬಿರುಸಾಗಿ ನಡೆದಾಗ ಎದೆಯೊಳಗೆ ಆಗುವುದೂ ಇದೇ. ಹಳೆಯ ಗಾಳಿ ಇಳಿಯುವ ಮೊದಲೇ ಮುಂದಿನ ಉಸಿರಿನ ಸರದಿ ಬರುತ್ತದೆ. ಎದೆ ಉಬ್ಬಿಕೊಂಡೇ ಇರುತ್ತದೆ, ಹೊಸ ಗಾಳಿಗೆ ಜಾಗ ಸಾಲದು. ‘ಉಬ್ಬಸ’ ಎಂಬ ಮಾತು ಇದಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಈ ಕಾಯಿಲೆಯಿಂದ ಸತ್ತರು. ಭಾರತದಲ್ಲಿ 1990ರಲ್ಲಿ ಸುಮಾರು 2.81 ಕೋಟಿ ಇದ್ದ ರೋಗಿಗಳ ಸಂಖ್ಯೆ 2016ರ ಹೊತ್ತಿಗೆ ಸುಮಾರು 5.53 ಕೋಟಿಗೆ ಏರಿತ್ತು ಎಂದು ‘ದಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ 40 ದಾಟಿದವರ ನಡುವೆ ನಡೆಸಿ 2009ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ನೂರಕ್ಕೆ ಸುಮಾರು 7 ಜನರಲ್ಲಿ ಇದು ಕಂಡುಬಂದಿತ್ತು.

ಬೂಕನಕೆರೆಯಂಥ ಊರಲ್ಲಿ ಹೊಗೆ ಎಲ್ಲಿಂದ?

ಮೊದಲ ಉತ್ತರ ಎಲ್ಲರಿಗೂ ಗೊತ್ತು: ಬೀಡಿ, ಸಿಗರೇಟು. ಆದರೆ ಬೀಡಿ ಮುಟ್ಟದ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ, ಅದಕ್ಕೆ ಮುಖ್ಯ ಕಾರಣ ಸೌದೆ ಒಲೆ. ಮೈಸೂರು ಮತ್ತು ನಂಜನಗೂಡಿನ ಹಳ್ಳಿಗಳ ಹೆಂಗಸರನ್ನು ಅಧ್ಯಯನ ಮಾಡಿದ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಒಂದು ಸರಳ ಲೆಕ್ಕ ಬಳಸಿದರು. ದಿನಕ್ಕೆ ಒಲೆ ಮುಂದೆ ಕೂರುವ ಗಂಟೆಗಳನ್ನು ಹಾಗೆ ಕೂತ ವರ್ಷಗಳಿಂದ ಗುಣಿಸುವುದು. ಬಂದ ಸಂಖ್ಯೆ 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು-ಕಫದ ಕಾಯಿಲೆಯ ಅಪಾಯ ಗಣನೀಯವಾಗಿ ಏರುತ್ತದೆ ಎಂದು ಅವರು ಕಂಡುಕೊಂಡರು. ದಿನಕ್ಕೆ 3 ಗಂಟೆ, 20 ವರ್ಷ. ಇಪ್ಪತ್ತಕ್ಕೆ ಮದುವೆಯಾಗಿ ಬಂದ ಸೊಸೆ ನಲವತ್ತಕ್ಕೆ ಈ ಗೆರೆ ಮುಟ್ಟಿರುತ್ತಾಳೆ.

‘ಈಗ ಗ್ಯಾಸ್ ಬಂದಿದೆಯಲ್ಲ’ ಎನ್ನಬಹುದು. ಉಜ್ವಲ ಯೋಜನೆ 2016ರಲ್ಲಿ ಆರಂಭವಾದ ಮೇಲೆ ಸಿಲಿಂಡರ್ ಎಷ್ಟೋ ಮನೆ ತಲುಪಿದ್ದು ನಿಜ. ಆದರೆ ಅಡುಗೆ ಗ್ಯಾಸಿನಲ್ಲಾದರೂ ಸ್ನಾನದ ಹಂಡೆಗೆ ಇನ್ನೂ ಸೌದೆ, ತೆಂಗಿನ ಗರಿ, ಕಬ್ಬಿನ ತರಗು ಉರಿಯುವ ಮನೆಗಳಿವೆ. ಕಬ್ಬು ಕಡಿದ ಗದ್ದೆಯಲ್ಲಿ ತರಗಿಗೆ ಬೆಂಕಿ ಇಟ್ಟಾಗ, ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಒಟ್ಟಿದಾಗ ಏಳುವ ಹೊಗೆಯೂ ಮಂಡ್ಯ ಜಿಲ್ಲೆಯವರಿಗೆ ಹೊಸದಲ್ಲ. ಊದುಕೊಳವೆ ಹಿಡಿದು ಕಣ್ಣೀರು ಸುರಿಸಿದ ಕೈಗಳು ಇನ್ನೂ ನಮ್ಮ ಮನೆಗಳಲ್ಲಿವೆ. ಆ ಶ್ವಾಸಕೋಶಗಳೂ ಇವೆ.

ಎಷ್ಟು ಓಡಾಡುತ್ತಾರೆ ಎನ್ನುವುದು ಯಾಕೆ ಮುಖ್ಯ?

ಯಾಕೆಂದರೆ ಆಯುಸ್ಸಿನ ಸುಳಿವು ಅದರಲ್ಲಿದೆ. ಜರ್ಮನಿಯ ಸಂಶೋಧಕರು ಸಿಒಪಿಡಿ ಇರುವ 170 ಜನರನ್ನು ಸುಮಾರು 4 ವರ್ಷ ಗಮನಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಶ್ವಾಸಕೋಶದ ಸಾಮರ್ಥ್ಯ, 6 ನಿಮಿಷದ ನಡಿಗೆ, ಹೃದಯದ ಸ್ಥಿತಿ, ದೇಹದ ತೂಕ ಹೀಗೆ ಹಲವು ಅಳತೆಗಳನ್ನು ಅವರು ತೆಗೆದುಕೊಂಡಿದ್ದರು. ಯಾರು ಬದುಕುಳಿಯುತ್ತಾರೆ ಎಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ಸೂಚಿಸಿದ್ದು, ತೋಳಿಗೆ ಕಟ್ಟಿದ ಯಂತ್ರ ದಾಖಲಿಸಿದ ದಿನನಿತ್ಯದ ಓಡಾಟ. ಅದಕ್ಕೂ ಮೊದಲು, 2006ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ 2,386 ರೋಗಿಗಳ ಮಾಹಿತಿ ಪ್ರಕಟವಾಗಿತ್ತು. ವಾರಕ್ಕೆ 2 ಗಂಟೆಯಾದರೂ ನಡೆಯುತ್ತಿದ್ದ ಅಥವಾ ಸೈಕಲ್ ತುಳಿಯುತ್ತಿದ್ದವರಲ್ಲಿ ಆಸ್ಪತ್ರೆ ಸೇರುವ ಮತ್ತು ಸಾಯುವ ಅಪಾಯ 30ರಿಂದ 40 ಶೇಕಡ ಕಡಿಮೆ ಇತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಡೆಯುವುದರಿಂದ ಹೆಚ್ಚು ಬದುಕುತ್ತಾರೋ, ಗಟ್ಟಿಯಾಗಿರುವವರೇ ಹೆಚ್ಚು ನಡೆಯುತ್ತಾರೋ? ಇಂಥ ಅಧ್ಯಯನಗಳಿಂದ ಎರಡನ್ನೂ ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಹಾಗಾಗಿ ‘ನಡೆದರೆ ಸಿಒಪಿಡಿ ವಾಸಿ’ ಎಂಬ ಫಾರ್ವರ್ಡ್ ಬಂದರೆ ಅದನ್ನೂ ನಂಬಬೇಡಿ. ಹಾಳಾದ ಗಾಳಿಚೀಲ ನಡಿಗೆಯಿಂದ ಮರಳಿ ಬರುವುದಿಲ್ಲ. ಆದರೆ ಕುಳಿತಲ್ಲೇ ಕೂತರೆ ಏನಾಗುತ್ತದೆ ಎಂಬುದರಲ್ಲಿ ಅನುಮಾನ ಕಡಿಮೆ. ಉಸಿರು ಕಟ್ಟುತ್ತದೆಂದು ನಡಿಗೆ ಬಿಡುತ್ತಾರೆ. ನಡಿಗೆ ಬಿಟ್ಟರೆ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಅದೇ ಕೆಲಸಕ್ಕೆ ಬೇಗ ದಣಿಯುತ್ತದೆ, ಹೆಚ್ಚು ಉಸಿರು ಬೇಡುತ್ತದೆ. ಮೊದಲು ಕೆರೆ ಏರಿಯವರೆಗೆ ಹೋಗುತ್ತಿದ್ದವರಿಗೆ ಆಮೇಲೆ ಬೀದಿಯ ಕೊನೆ ದೂರವಾಗುತ್ತದೆ, ಕಡೆಗೆ ಬಚ್ಚಲುಮನೆಯೇ ದೂರವಾಗುತ್ತದೆ. ಶ್ವಾಸಕೋಶ ಮೊದಲಿನಷ್ಟೇ ಇದ್ದರೂ ಮನುಷ್ಯ ಸಣ್ಣವನಾಗುತ್ತಾ ಹೋಗುತ್ತಾನೆ.

ಆದ್ದರಿಂದ ಯಾರು ಹೀಗೆ ಕುಳಿತುಬಿಡುವ ಹಾದಿಯಲ್ಲಿದ್ದಾರೆ ಎಂದು ಮುಂಚೆಯೇ ಗುರುತಿಸುವುದು ವೈದ್ಯರಿಗೂ ಮನೆಯವರಿಗೂ ಬೇಕಾದ ವಿಷಯ.

ಊದುವ ಪರೀಕ್ಷೆಯ ಅಂಕಿ ಸಾಕಲ್ಲವೇ?

ಸ್ಪೈರೋಮೆಟ್ರಿ ಎಂಬ ಪರೀಕ್ಷೆಯಲ್ಲಿ ಎದೆ ತುಂಬ ಉಸಿರು ಎಳೆದು ಕೊಳವೆಯೊಳಗೆ ಜೋರಾಗಿ ಊದಬೇಕು. ಮೊದಲ 1 ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬುದನ್ನು ಎಫ್‌ಇವಿ1 ಎನ್ನುತ್ತಾರೆ. ಸಿಒಪಿಡಿ ಇದೆಯೇ ಎಂದು ಖಚಿತಪಡಿಸಲು ಈ ಪರೀಕ್ಷೆ ಬೇಕೇ ಬೇಕು. ಮಂಡ್ಯದ ಮಿಮ್ಸ್, ನಾಗಮಂಗಲ ತಾಲ್ಲೂಕು ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಬೋಧನಾ ಆಸ್ಪತ್ರೆಗಳ ಶ್ವಾಸಕೋಶ ವಿಭಾಗದಲ್ಲಿ ಇದರ ಬಗ್ಗೆ ವಿಚಾರಿಸಬಹುದು.

ಆದರೆ ಕಾಯಿಲೆ ಇದೆಯೇ ಎಂಬುದು ಒಂದು ಪ್ರಶ್ನೆ, ಮನುಷ್ಯ ಎಷ್ಟು ಓಡಾಡುತ್ತಾನೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಎಫ್‌ಇವಿ1 ಕೊಡುವ ಉತ್ತರ ದುರ್ಬಲ. ಒಂದೇ ಅಂಕಿ ಬಂದ ಇಬ್ಬರಲ್ಲಿ ಒಬ್ಬರು ದಿನವೂ ಗದ್ದೆ ಸುತ್ತಿ ಬರುತ್ತಾರೆ, ಇನ್ನೊಬ್ಬರು ಜಗುಲಿ ಬಿಟ್ಟು ಇಳಿಯುವುದಿಲ್ಲ. ಅಂಕಿ ತೀರಾ ಕೆಳಗಿದ್ದಾಗ ಓಡಾಟವೂ ಕಡಿಮೆ ಇರುವುದು ಹೆಚ್ಚು. ಆದರೆ ನಡುವಿನ ಹಂತದಲ್ಲಿರುವವರ ವಿಷಯದಲ್ಲಿ ರಿಪೋರ್ಟ್ ನೋಡಿ ಏನೂ ಹೇಳಲಾಗದು.

ಇದಕ್ಕಿಂತ ಉತ್ತಮ ಸುಳಿವು ಕೊಡುವುದು 6 ನಿಮಿಷದ ನಡಿಗೆ ಪರೀಕ್ಷೆ. ಸುಮಾರು 30 ಮೀಟರ್ ಉದ್ದದ ಸಮತಟ್ಟಾದ ಜಾಗದಲ್ಲಿ, ತಮ್ಮದೇ ವೇಗದಲ್ಲಿ, ಬೇಕಾದಲ್ಲಿ ನಿಂತು, 6 ನಿಮಿಷದಲ್ಲಿ ಎಷ್ಟು ದೂರ ನಡೆದರು ಎಂದು ಅಳೆಯುತ್ತಾರೆ. ಇದರಲ್ಲಿ ಶ್ವಾಸಕೋಶದ ಜೊತೆಗೆ ಹೃದಯ, ಕಾಲು, ಮನಸ್ಸು ಎಲ್ಲದರ ಪರೀಕ್ಷೆಯೂ ಆಗುತ್ತದೆ. ಬೆಲ್ಜಿಯಂನ ಲೂವೆನ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 50 ಸಿಒಪಿಡಿ ರೋಗಿಗಳು ದಿನಕ್ಕೆ ಸರಾಸರಿ 44 ನಿಮಿಷ ನಡೆದರೆ, ಅದೇ ವಯಸ್ಸಿನ ಆರೋಗ್ಯವಂತರು 81 ನಿಮಿಷ ನಡೆದಿದ್ದರು. ರೋಗಿಗಳ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಹೊಂದಿಕೆಯಾದ ಅಳತೆ ಈ 6 ನಿಮಿಷದ ನಡಿಗೆಯೇ.

ಏದುಸಿರಿನ ಮಟ್ಟವೂ ಒಂದು ಸುಳಿವು. ವೈದ್ಯರು ಬಳಸುವ 0ರಿಂದ 4ರವರೆಗಿನ ಅಳತೆಯನ್ನು ನಮ್ಮ ಊರಿನ ಮಾತಿನಲ್ಲಿ ಹೀಗೆ ಹೇಳಬಹುದು.

0 – ಓಡಿದಾಗ, ಭಾರ ಹೊತ್ತಾಗ ಮಾತ್ರ ಏದುಸಿರು.
1 – ಬಿರಬಿರನೆ ನಡೆದರೆ ಅಥವಾ ಸಣ್ಣ ದಿಣ್ಣೆ ಹತ್ತಿದರೆ ಏದುಸಿರು.
2 – ಓರಗೆಯವರ ಸಮಕ್ಕೆ ನಡೆಯಲು ಆಗದು. ತಮ್ಮ ಪಾಡಿಗೆ ನಡೆದರೂ ನಡುವೆ ನಿಲ್ಲಬೇಕು.
3 – ಸುಮಾರು 100 ಮೀಟರ್ ಅಥವಾ ಕೆಲವು ನಿಮಿಷ ನಡೆದರೆ ನಿಲ್ಲಬೇಕು.
4 – ಮನೆಯಿಂದ ಹೊರಡಲು ಆಗದು. ಬಟ್ಟೆ ಹಾಕಿಕೊಳ್ಳುವಾಗಲೂ ಏದುಸಿರು.

ಹಾಗಾದರೆ ‘ನೀವು ದಿನಕ್ಕೆ ಎಷ್ಟು ನಡೀತೀರಿ?’ ಎಂದು ನೇರವಾಗಿ ಕೇಳಿದರೆ ಆಗದೇ? ಕೇಳಬಹುದು, ಆದರೆ ಉತ್ತರವನ್ನು ಹಾಗೇ ನಂಬಲಾಗದು. ರೋಗಿಗಳ ಮಾತನ್ನು ವಿಡಿಯೊ ದಾಖಲೆಗೆ ಹೋಲಿಸಿ ನೋಡಿದಾಗ, ನಿಜಕ್ಕೂ ನಡೆದದ್ದಕ್ಕಿಂತ ಹೆಚ್ಚು ಹೊತ್ತು ನಡೆದೆವು ಎಂದು ಅವರು ಅಂದಾಜಿಸಿದ್ದು ಕಂಡುಬಂದಿದೆ. ಸುಳ್ಳು ಹೇಳುವ ಉದ್ದೇಶ ಅವರದಲ್ಲ. ದಣಿವಾಗಿದ್ದರೆ ದೂರ ಹೆಚ್ಚಾಗಿಯೇ ಕಾಣುತ್ತದೆ.

ಆಗುವುದು ಬೇರೆ, ಮಾಡುವುದು ಬೇರೆ

ಈ ವಿಷಯದಲ್ಲಿ ನಮಗೆ ಅತ್ಯಂತ ಉಪಯುಕ್ತ ಎನಿಸಿದ ವಿಚಾರ ನೆದರ್‌ಲ್ಯಾಂಡ್ಸ್‌ನಿಂದ ಬಂದದ್ದು. 2019ರಲ್ಲಿ ಅಲ್ಲಿನ ಸಂಶೋಧಕರು 662 ರೋಗಿಗಳನ್ನು ಎರಡು ಪ್ರಶ್ನೆಗಳಿಂದ ವಿಂಗಡಿಸಿದರು. ನಡೆಯಲು ಆಗುತ್ತದೆಯೇ? ಇದಕ್ಕೆ 6 ನಿಮಿಷದ ಪರೀಕ್ಷೆಯಲ್ಲಿ, ಅವರಿಂದ ನಿರೀಕ್ಷಿಸುವ ದೂರದ 70 ಶೇಕಡ ಮುಟ್ಟಿದರೋ ಇಲ್ಲವೋ ಎಂದು ನೋಡಿದರು. ನಿಜಕ್ಕೂ ನಡೆಯುತ್ತಾರೆಯೇ? ಇದಕ್ಕೆ ದಿನಕ್ಕೆ 5,000 ಹೆಜ್ಜೆ ಎಂಬ ಗೆರೆ ಎಳೆದರು. ಆಗ ನಾಲ್ಕು ಗುಂಪುಗಳಾದವು.

• ಆಗುತ್ತದೆ, ಮಾಡುತ್ತಾರೆ.
• ಆಗುತ್ತದೆ, ಆದರೆ ಮಾಡುವುದಿಲ್ಲ.
• ಆಗುವುದು ಕಷ್ಟ, ಆದರೂ ಮಾಡುತ್ತಾರೆ.
• ಆಗುವುದಿಲ್ಲ, ಮಾಡುವುದೂ ಇಲ್ಲ.

ನಡುವಿನ ಎರಡು ಗುಂಪುಗಳನ್ನು ಇನ್ನೊಮ್ಮೆ ಓದಿ. ಶಕ್ತಿ ಇದ್ದೂ ಕೂತವರಿದ್ದಾರೆ, ಶಕ್ತಿ ಕಡಿಮೆ ಇದ್ದೂ ನಡೆಯುವವರಿದ್ದಾರೆ. ಯಾವ ಆಸ್ಪತ್ರೆಯ ಅಂಕಿಯೂ ಇವರನ್ನು ಪೂರ್ತಿ ವಿವರಿಸದು. ಪ್ರತಿ ಗುಂಪಿಗೆ ಬೇಕಾದ ನೆರವೂ ಬೇರೆ. ‘ಆಗುವುದಿಲ್ಲ’ ಎನ್ನುವವರಿಗೆ ಮೊದಲು ಔಷಧಿ, ಉಸಿರಾಟದ ತರಬೇತಿ, ಕಾಲಿಗೆ ವ್ಯಾಯಾಮ ಬೇಕು. ‘ಆಗುತ್ತದೆ, ಮಾಡುವುದಿಲ್ಲ’ ಎಂಬ ಗುಂಪಿಗೆ ಬೇಕಾದದ್ದು ಹೊರಡಲು ಒಂದು ಕಾರಣ.

ಆಸ್ಪತ್ರೆಗಳಲ್ಲಿ ನಡೆಯುವ ಶ್ವಾಸಕೋಶ ಪುನಶ್ಚೇತನ ತರಬೇತಿಯ ಅನುಭವವೂ ಇದನ್ನೇ ಹೇಳುತ್ತದೆ. 65 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಈ ತರಬೇತಿಯಿಂದ ಏದುಸಿರು ಕಡಿಮೆಯಾಗುತ್ತದೆ, ನಡೆಯುವ ಶಕ್ತಿ ಹೆಚ್ಚುತ್ತದೆ, ಬದುಕು ಸುಧಾರಿಸುತ್ತದೆ. ಆದರೆ ಶಕ್ತಿ ಹೆಚ್ಚಿದ ಮಾತ್ರಕ್ಕೆ ಮನೆಗೆ ಮರಳಿದ ಮೇಲೆ ದಿನದ ಓಡಾಟ ತಾನಾಗಿ ಏರುವುದಿಲ್ಲ ಎಂಬುದು ಹಲವು ಕಡೆ ಕಂಡುಬಂದಿದೆ.

ಡೇರಿಯ ದಾರಿ

ಬೂಕನಕೆರೆ ಹೋಬಳಿಯ ಯಾವುದಾದರೂ ಹಳ್ಳಿಯ ಒಬ್ಬ ತಾತನನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಎರಡು ಹಸು. ಬೆಳಗ್ಗೆ ಮತ್ತು ಸಂಜೆ ಕ್ಯಾನ್ ಹಿಡಿದು ಡೇರಿಗೆ ಹೋಗಿ ಹಾಲು ಹಾಕಿ ಬರುವುದು ಅವರ ಕೆಲಸ. ಡೇರಿ 400 ಮೀಟರ್ ದೂರ. ದಾರಿಯಲ್ಲಿ ಎರಡು ಕಡೆ ನಿಲ್ಲುತ್ತಾರೆ, ಒಂದು ಕಡೆ ಉಸಿರಿಗಾಗಿ, ಇನ್ನೊಂದು ಕಡೆ ಮಾತಿಗಾಗಿ. ಒಂದು ಚಳಿಗಾಲ ಕೆಮ್ಮು ಜೋರಾಗಿ ನಾಲ್ಕು ದಿನ ಆಸ್ಪತ್ರೆ ಸೇರುತ್ತಾರೆ. ವಾಪಸ್ ಬಂದಾಗ ಮೊಮ್ಮಗ ಹೇಳುತ್ತಾನೆ: ‘ನೀನ್ ಸುಮ್ಕೆ ಕೂತ್ಕೊ ತಾತ, ಹಾಲು ನಾನ್ ಬೈಕಲ್ಲಿ ಹಾಕ್‌ಬತ್ತೀನಿ.’

ಹುಡುಗನ ಮಾತಿನಲ್ಲಿ ಪ್ರೀತಿಯಿದೆ. ಲೆಕ್ಕವನ್ನೂ ನೋಡಿ. ಹೋಗಿ ಬರಲು 800 ಮೀಟರ್, ಎರಡು ಹೊತ್ತಿಗೆ 1,600 ಮೀಟರ್. ವಯಸ್ಸಾದವರ ಹೆಜ್ಜೆ ಅರ್ಧ ಮೀಟರ್ ಎಂದಿಟ್ಟುಕೊಂಡರೆ 3,200 ಹೆಜ್ಜೆ. ಸಿಒಪಿಡಿ ಇರುವವರಲ್ಲಿ ದಿನಕ್ಕೆ 600ರಿಂದ 1,100 ಹೆಜ್ಜೆಯ ಬದಲಾವಣೆಯೇ ಆರೋಗ್ಯದ ಮೇಲೆ ಪರಿಣಾಮ ತೋರುವಷ್ಟು ಮುಖ್ಯ ಎಂದು 2016ರ ಒಂದು ಅಧ್ಯಯನ ಹೇಳಿದೆ. ಇಲ್ಲಿ ಒಂದೇ ಮಾತಿನಲ್ಲಿ ಅದರ ಸುಮಾರು ಮೂರು ಪಟ್ಟು ಹೋಯಿತು. ಹೋದದ್ದು ಹೆಜ್ಜೆ ಮಾತ್ರವೂ ಅಲ್ಲ. ಡೇರಿಯ ಮುಂದೆ ಕೂತು ಮಾತಾಡುವ ಜನ, ‘ಹಾಲು ಎಷ್ಟು ಲೀಟರ್ ಆಯ್ತು’ ಎಂದು ಕೇಳುವವರು, ಮನೆಗೆ ತಾನಿನ್ನೂ ಬೇಕು ಎಂಬ ಭಾವನೆ ಎಲ್ಲವೂ ಅದರ ಜೊತೆಗೇ ಹೋಗುತ್ತವೆ.

ಹೊರಡಲು ಕಾರಣ ಇದ್ದರೆ ಜನ ನಡೆಯುತ್ತಾರೆ ಎಂಬುದಕ್ಕೆ ಸ್ಪೇನ್ ದೇಶದ ಕ್ಯಾಟಲೋನಿಯಾದಿಂದ ಒಂದು ಸೊಗಸಾದ ಸಾಕ್ಷಿ ಇದೆ. ಅಲ್ಲಿನ 410 ಸಿಒಪಿಡಿ ರೋಗಿಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಸಂಗತಿಗಳು ಹೆಚ್ಚಿನ ಓಡಾಟಕ್ಕೆ ತಳಕು ಹಾಕಿಕೊಂಡಿದ್ದವು: ನಾಯಿಯನ್ನು ಸುತ್ತಾಡಿಸುವುದು ಮತ್ತು ಮೊಮ್ಮಕ್ಕಳನ್ನು ನೋಡಿಕೊಳ್ಳುವುದು. ಬಾರ್ಸಿಲೋನಾದ ಸುತ್ತಲೇ ನಡೆದ ಇನ್ನೊಂದು ಪ್ರಯೋಗದಲ್ಲಿ 407 ರೋಗಿಗಳ ಪೈಕಿ ಒಂದು ಗುಂಪಿಗೆ ಅವರ ಬೀದಿ, ಪಾರ್ಕುಗಳಲ್ಲೇ ನಡಿಗೆಯ ದಾರಿ ಗುರುತಿಸಿಕೊಟ್ಟರು. ಇಡೀ ಗುಂಪಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಹೇಳಿದ್ದನ್ನು ಪಾಲಿಸಿದವರಲ್ಲಿ ವರ್ಷದ ಬಳಿಕ ದಿನಕ್ಕೆ ಸುಮಾರು 950 ಹೆಜ್ಜೆ ಹೆಚ್ಚಿತ್ತು. ದಾರಿ ತೋರಿಸಿದರೆ ಸಾಲದು, ಅದನ್ನು ಹಿಡಿದು ಹೋಗುವ ಮನಸ್ಸೂ ಬೇಕು.

ಹವೆಯೂ ತನ್ನ ಪಾಲು ಕೇಳುತ್ತದೆ. ಚಳಿ, ಮಳೆ, ಬೇಗ ಕತ್ತಲಾಗುವ ದಿನಗಳಲ್ಲಿ ಸಿಒಪಿಡಿ ಇರುವವರ ಓಡಾಟ ಇಳಿಯುತ್ತದೆ. ಇಬ್ಬನಿ ಬೀಳುವ ಮುಂಜಾನೆ ಹಂಡೆ ಒಲೆಗಳ ಹೊಗೆಯೂ ಬೀದಿಯಲ್ಲೇ ನಿಂತಿರುತ್ತದೆ. ಇದರ ಮೇಲೆ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿ ಬಂದರಂತೂ ಮುಗಿಯಿತು. ಆಸ್ಪತ್ರೆಯಿಂದ ಬಂದು ಒಂದು ತಿಂಗಳಾದರೂ ಓಡಾಟ ಕಡಿಮೆಯೇ ಇರುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಮನೆಯವರು ಅತ್ಯಂತ ಎಚ್ಚರ ವಹಿಸಬೇಕಾದ ತಿಂಗಳು ಅದು. ನಮ್ಮ ಕಥೆಯ ತಾತನ ಕೈಯಿಂದ ಹಾಲಿನ ಕ್ಯಾನ್ ಜಾರಿದ್ದೂ ಆ ತಿಂಗಳಲ್ಲೇ.

ಅವ್ವನ ಲೆಕ್ಕ ಯಾರಿಗೂ ಸಿಗುವುದಿಲ್ಲ

ತಾತ ಡೇರಿಗೆ ಹೋಗುವುದನ್ನು ಬಿಟ್ಟರೆ ಊರಿಗೆ ಗೊತ್ತಾಗುತ್ತದೆ. ಅವ್ವ ಕೊಟ್ಟಿಗೆ ಗುಡಿಸುವುದನ್ನು ಎರಡು ಸಲಕ್ಕೆ ಮಾಡತೊಡಗಿದರೆ, ನೀರಿನ ಬಿಂದಿಗೆ ಅರ್ಧಕ್ಕೆ ಇಳಿದರೆ, ಸಂತೆಗೆ ಹೋಗುವುದು ನಿಂತರೆ ‘ವಯಸ್ಸಾಯ್ತು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಬೀಡಿ ಸೇದದವರಿಗೆ ಶ್ವಾಸಕೋಶದ ಕಾಯಿಲೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ, ಊದುವ ಪರೀಕ್ಷೆಯೂ ಆಗುವುದಿಲ್ಲ. ಒಲೆ ಮುಂದೆ 20 ವರ್ಷ ಕಳೆದ ಹೆಂಗಸು ಮೊದಲಿಗಿಂತ ಕಡಿಮೆ ಓಡಾಡುತ್ತಿದ್ದರೆ, ನಡುನಡುವೆ ಕೂತು ಸುಧಾರಿಸಿಕೊಳ್ಳುತ್ತಿದ್ದರೆ, ಅದನ್ನು ವಯಸ್ಸಿನ ಮೇಲೆ ಹಾಕುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಿ.

10,000 ಹೆಜ್ಜೆ ಹಾಕಲೇಬೇಕೇ?

ಬೇಡ. ಆ ಸಂಖ್ಯೆ ಯಾವ ವೈದ್ಯರ ಚೀಟಿಯಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ‘10,000 ಹೆಜ್ಜೆ ಮೀಟರ್’ ಎಂಬ ಅರ್ಥದ ಹೆಸರಿನಲ್ಲಿ ಮಾರಿತು. ಅಲ್ಲಿಂದ ಆ ಸಂಖ್ಯೆ ಜಗತ್ತು ಸುತ್ತಿತು. ದಿನಕ್ಕೆ 2,000 ಹೆಜ್ಜೆ ನಡೆಯುವ ಉಬ್ಬಸದವರಿಗೆ 10,000 ಎಂದರೆ ಮೊದಲ ದಿನವೇ ಸೋಲು. ಅವರಿಗೆ 2,600 ಆದರೆ ಅದೇ ದೊಡ್ಡ ಗೆಲುವು.

ಮನೆಯವರು ಏನು ಮಾಡಬಹುದು?

ಮೊದಲು ವೈದ್ಯರನ್ನು ಕೇಳಿ. ಇನ್ಹೇಲರ್ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಅವರ ಮುಂದೆಯೇ ಮಾಡಿ ತೋರಿಸಿ. ‘ಇನ್ಹೇಲರ್ ಚಟವಾಗುತ್ತದೆ’ ಎಂಬ ಫಾರ್ವರ್ಡ್ ಕೂಡ ತಪ್ಪು. ಅದು ಶ್ವಾಸನಾಳಕ್ಕೆ ನೇರವಾಗಿ ತಲುಪುವ ಔಷಧಿ. ಉಸಿರು ಸ್ವಲ್ಪ ಹಗುರಾದರೆ ನಡೆಯುವ ಧೈರ್ಯವೂ ಬರುತ್ತದೆ.

ಒಂದು ವಾರ ಸುಮ್ಮನೆ ಗಮನಿಸಿ. ಜೇಬಿನಲ್ಲಿ ಫೋನ್ ಇಟ್ಟರೆ ಅದು ಹೆಜ್ಜೆ ಎಣಿಸುತ್ತದೆ. ತೀರಾ ನಿಧಾನ ನಡಿಗೆಯಲ್ಲಿ ಎಣಿಕೆ ಕಡಿಮೆ ಬರಬಹುದು. ಅದಕ್ಕೆ ಸಂಖ್ಯೆಗಿಂತ ‘ಯಾವ ಮನೆಯವರೆಗೆ ಹೋಗಿ ಬಂದರು’ ಎಂಬ ಗುರುತೂ ಚೆನ್ನಾಗಿಯೇ ನಡೆಯುತ್ತದೆ. ಮುಂದಿನ ವಾರ ಒಂದೆರಡು ಮನೆ ದೂರ ಹೆಚ್ಚಿಸಿ, ಹೆಚ್ಚು ಬೇಡ. ನಡೆಯುವಾಗ ಮಾತಾಡಲು ಆಗಬೇಕು, ಅಷ್ಟು ವೇಗ ಸಾಕು.

ಉಸಿರು ಕಟ್ಟಿದಾಗ ತುಟಿಯನ್ನು ಶಿಳ್ಳೆ ಹೊಡೆಯುವಂತೆ ಕಿರಿದು ಮಾಡಿ, ಎಳೆದುಕೊಂಡದ್ದಕ್ಕಿಂತ ಎರಡು ಪಟ್ಟು ಹೊತ್ತು ನಿಧಾನವಾಗಿ ಬಿಡಲು ಹೇಳಿ. ದೀಪದ ಕುಡಿ ಅಲುಗಬೇಕು, ಆರಬಾರದು, ಅಷ್ಟೇ ಮೆಲ್ಲಗೆ. ಒಳಗಿದ್ದ ಹಳೆಯ ಗಾಳಿ ಇಳಿಯಲು ಇದು ಸಮಯ ಕೊಡುತ್ತದೆ. ನಡುವೆ ಕೂರಲು ಕಟ್ಟೆ ಇರುವ ದಾರಿಯನ್ನೇ ಆರಿಸಿ. ಚಳಿಗಾಲದಲ್ಲಿ ಬಿಸಿಲೇರಿ ಹೊಗೆ ಕರಗಿದ ಮೇಲೆ ಹೊರಡಲಿ. ತರಗು ಸುಡುವ ದಿನ ಹೊರಗೆ ಬೇಡ, ಮನೆಯೊಳಗೇ ಕುರ್ಚಿಯಿಂದ ಎದ್ದು ಕೂರುವುದನ್ನು ಕೆಲವು ಸಲ ಮಾಡಿದರೂ ತೊಡೆಗೆ ಕೆಲಸ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಅವರ ಕೈಯಲ್ಲಿರುವ ಕೆಲಸವನ್ನು ಪೂರ್ತಿ ಕಿತ್ತುಕೊಳ್ಳಬೇಡಿ. ಹತ್ತು ಲೀಟರಿನ ಕ್ಯಾನ್ ಭಾರವಾದರೆ ಎರಡು ಲೀಟರಿನದ್ದು ಕೊಡಿ. ಉಳಿದದ್ದು ಬೈಕಿನಲ್ಲಿ ಹೋಗಲಿ. ಮೊಮ್ಮಗಳನ್ನು ಅಂಗನವಾಡಿಗೆ ಬಿಟ್ಟು ಬರುವುದು, ಗುಡಿಗೆ ಹೋಗಿ ಬರುವುದು, ಅಂಗಡಿಯಿಂದ ಒಂದು ಬೆಂಕಿಪೊಟ್ಟಣ ತರುವುದು ಎಲ್ಲವೂ ನಡಿಗೆಯೇ.

ಯಾವಾಗ ನಿಲ್ಲಿಸಬೇಕು?

ಎದೆ ನೋವು, ತಲೆಸುತ್ತು, ತುಟಿ ಅಥವಾ ಉಗುರು ನೀಲಿಯಾಗುವುದು, ಕೂತರೂ ಇಳಿಯದ ಏದುಸಿರು, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿರುವುದು, ಮಂಕು ಕವಿದಂತಾಗುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಕಫದ ಬಣ್ಣ ಬದಲಾಗಿ ಕೆಮ್ಮು, ಉಬ್ಬಸ ದಿನದಿಂದ ದಿನಕ್ಕೆ ಏರುತ್ತಿದ್ದರೆ ನಡಿಗೆ ನಿಲ್ಲಿಸಿ ವೈದ್ಯರನ್ನು ಕಾಣಿ. ಆಕ್ಸಿಜನ್ ಬಳಸುವವರು, ಹೃದಯದ ತೊಂದರೆ ಇರುವವರು ಎಷ್ಟು ನಡೆಯಬಹುದು ಎಂದು ವೈದ್ಯರಿಂದಲೇ ತಿಳಿಯಬೇಕು. ಬೀಡಿ ಬಿಡುವುದಕ್ಕೆ ಮಾತ್ರ ಯಾರ ಅನುಮತಿಯೂ ಬೇಡ.

ಕೊನೆಯದಾಗಿ

ಉಸಿರು ಹಿಡಿಯುವ ವಿಡಿಯೊ ಸುಳ್ಳು. ‘ಉಬ್ಬಸದವರು ನಡೆಯಬಾರದು’ ಎಂಬುದು ತಪ್ಪು. ‘ನಡೆದರೆ ಕಾಯಿಲೆ ಪೂರ್ತಿ ವಾಸಿ’ ಎಂಬುದೂ ತಪ್ಪು. ಒಬ್ಬ ರೋಗಿ ನಾಳೆ ಎಷ್ಟು ಓಡಾಡುತ್ತಾನೆ ಎಂದು ಹೇಳಲು ಶ್ವಾಸಕೋಶದ ಅಂಕಿ ಬೇಕು, ಕಾಲಿನ ಬಲ ಬೇಕು, ಹವೆ ಗೊತ್ತಿರಬೇಕು. ಜೊತೆಗೆ ಅವರಿಗೆ ಹೋಗಲು ಒಂದು ಜಾಗ, ಮಾಡಲು ಒಂದು ಕೆಲಸ ಇದೆಯೇ ಎಂಬುದೂ ಗೊತ್ತಿರಬೇಕು. ಈ ಕೊನೆಯದನ್ನು ಯಾವ ಯಂತ್ರವೂ ಅಳೆಯಬೇಕಿಲ್ಲ, ಅದು ಮನೆಯವರಿಗೆ ಗೊತ್ತಿರುತ್ತದೆ.

ಇದನ್ನು ಫ್ಯಾಮಿಲಿ ಗ್ರೂಪಿಗೆ ಕಳಿಸುವುದಾದರೆ ಕಳಿಸಿ. ಅದಕ್ಕೂ ಮೊದಲು ಇವತ್ತು ಸಂಜೆ ನಿಮ್ಮ ಮನೆಯ ತಾತನ ಜೊತೆ ಬೀದಿಯ ಕೊನೆಯವರೆಗೆ, ಅವರ ವೇಗದಲ್ಲೇ, ಒಮ್ಮೆ ನಡೆದು ಬನ್ನಿ. ಅವರು ಎಲ್ಲಿ ನಿಲ್ಲುತ್ತಾರೆ ಎಂದು ನೋಡಿಕೊಳ್ಳಿ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಅದನ್ನು ಹೇಳಿ.